ಬೆಳ್ಳಾವಿಯವರು ಬರೆದರು, ಗುಬ್ಬಿಯವರು ತೆಗೆದರು, ನೋಡೋದೆಲ್ಲಿ?

(ತುಮಕೂರಿನ ಬಟವಾಡಿಯಲ್ಲಿ ನಡೆದ ಕನ್ನಡ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಭೆಯಲ್ಲಿ ಮೊಬೈಲ್ ಒಳಗಿಡಿ ಅನ್ನೋದು ವಾಡಿಕೆ. ನಾನು ಹೊರಗೆ ತೆಗೆಯಿರಿ ಅನ್ನುತ್ತೇನೆ. ನೀವು ದುಡ್ಡು ಕಟ್ಟಿರುವ ಯಾವುದಾದರೂ ಒಟಿಟಿ ಆ್ಯಪ್ ತೆರೆದು 'ಕನ್ನಡ' ಅಂತ ಒತ್ತಿ. ಏನು ಬಂತು? ಮೊನ್ನೆ ಮೊನ್ನೆ ಬಂದ ಚಿತ್ರಗಳು. ಪಕ್ಕದಲ್ಲಿ ತೆಲುಗು, ತಮಿಳು, ಇಂಗ್ಲಿಷಿನಿಂದ ಡಬ್ ಆಗಿ ಬಂದವು. (ಡಬ್ಬಿಂಗ್ ಬೇಕೋ ಬೇಡವೋ ಎಂಬ ಜಗಳ ಇವತ್ತು ಬೇಡ, ಅದಕ್ಕೆ ಇನ್ನೊಂದು ಸಭೆ ಕರೆಯೋಣ.) ಇನ್ನೂ ಕೆಳಕ್ಕೆ ಹೋಗಿ. ನಿಮ್ಮ ತಾತ ಟೆಂಟಿನಲ್ಲಿ ಕೂತು ನೋಡಿದ ಚಿತ್ರ ಎಷ್ಟು ಸಿಕ್ಕವು? ನಿಮ್ಮ ಅಮ್ಮ ಒಲೆ ಆರಿಸಿ ಬಂದು ನೋಡುತ್ತಿದ್ದ ಧಾರಾವಾಹಿ ಎಷ್ಟು ಸಿಕ್ಕವು?

ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೇಳೋದಕ್ಕಿಂತ ಬಟವಾಡಿಯಲ್ಲಿ ನಿಂತು ಕೇಳೋದು ಹೆಚ್ಚು ಸರಿ. ಯಾಕೆ ಗೊತ್ತೇ? ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಅದರ ಸಂಭಾಷಣೆ, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವೆ ಅಂದರೆ ನಮ್ಮ ತುಮಕೂರು ತಾಲೂಕಿನ ಬೆಳ್ಳಾವಿ! ಬೆಳ್ಳಿತೆರೆಯ ಮೇಲೆ ಕನ್ನಡ ಮೊಟ್ಟಮೊದಲು ಮಾತಾಡಿದಾಗ ಆ ಮಾತನ್ನು ಕೊಟ್ಟದ್ದು ಈ ಮಣ್ಣಿನ ಮನುಷ್ಯ. ದುಡ್ಡು ಹಾಕಿದವರು ಚಮನ್‌ಲಾಲ್ ಡೂಂಗಾಜಿ, ನಿರ್ದೇಶನ ವೈ.ವಿ. ರಾವ್, ಚಿತ್ರೀಕರಣ ಕೊಲ್ಹಾಪುರದಲ್ಲಿ, ನಟಿಸಿದವರು ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ. ಇಷ್ಟೆಲ್ಲ ನಮಗೆ ಗೊತ್ತು. ಚಿತ್ರ ಮಾತ್ರ ಇಲ್ಲ. ಒಂದೇ ಒಂದು ಪ್ರತಿಯೂ ಉಳಿದಿಲ್ಲ.

ಇಲ್ಲಿಂದ ಬಿ.ಎಚ್. ರಸ್ತೆಯಲ್ಲೇ ನೆಟ್ಟಗೆ ಹೋದರೆ ಗುಬ್ಬಿ. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯ ಊರು. ಗುಬ್ಬಿ ವೀರಣ್ಣನವರನ್ನು ನಾವು ನಾಟಕರತ್ನ ಅಂತ ಕರೆದು ಹಾರ ಹಾಕಿ ಮರೆತಿದ್ದೇವೆ. ಆದರೆ ಆತ ಮೂಕಿ ಕಾಲದಲ್ಲೇ ಸಿನಿಮಾಕ್ಕೆ ಕೈಹಾಕಿದವರು. 1932ರಲ್ಲಿ 'ಹರಿಮಾಯಾ', ಆಮೇಲೆ 'ಸದಾರಮೆ', 'ಸುಭದ್ರಾ', 'ಜೀವನ ನಾಟಕ', 'ಹೇಮರೆಡ್ಡಿ ಮಲ್ಲಮ್ಮ'. 1954ರಲ್ಲಿ 'ಬೇಡರ ಕಣ್ಣಪ್ಪ'. ಗುಬ್ಬಿ ಕಂಪನಿಯ ಹುಡುಗ ಮುತ್ತುರಾಜ ಆ ಚಿತ್ರದಲ್ಲಿ ರಾಜ್‌ಕುಮಾರ್ ಆದರು. ನಮ್ಮ ತಿಪಟೂರಿನ ನರಸಿಂಹರಾಜು ಅದರಲ್ಲೇ ನಗೆ ಹಂಚಿದರು. ಜಿ.ವಿ. ಅಯ್ಯರ್ ಕೂಡ ಅದರಲ್ಲೇ ಇದ್ದರು.

ಈಗ ಹೇಳಿ, ಇವಿಷ್ಟರಲ್ಲಿ ನೀವು ಎಷ್ಟನ್ನು ನೋಡಿದ್ದೀರಿ? ವೀರಣ್ಣನವರ ಹೆಸರಿನ ಕಲಾಕ್ಷೇತ್ರ ಇದೇ ಊರಿನಲ್ಲಿದೆ. ಕಟ್ಟಡಕ್ಕೆ ಹೆಸರಿಟ್ಟರೆ ಋಣ ತೀರಿತೇ?

ಕೋಪ ಬರಬೇಕು, ಸರಿ. ಆದರೆ ಯಾರ ಮೇಲೆ? ಒಟಿಟಿ ಕಂಪನಿಗಳ ಮೇಲೆ ಮಾತ್ರ ಕೂಗಾಡಿ ಮನೆಗೆ ಹೋದರೆ ಅರ್ಧ ಸತ್ಯ ಹೇಳಿದಂತೆ. ಅವರು ಅಂಗಡಿಯವರು. ಹೊಸ ಕನ್ನಡಕ್ಕೇ ಬಾಗಿಲು ತೆರೆಯಲು ಮೀನಮೇಷ ಎಣಿಸುವವರು. ರಕ್ಷಿತ್ ಶೆಟ್ಟಿ ತಮ್ಮ 'ಏಕಂ' ಸರಣಿಯನ್ನು ಯಾವ ಒಟಿಟಿಯೂ ಕೊಳ್ಳದೆ, 2024ರ ಜುಲೈನಲ್ಲಿ ಸ್ವಂತ ಜಾಲತಾಣದಲ್ಲೇ ಬಿಡಬೇಕಾಯಿತು. ಅಂಥವರು 1954ರ ಚಿತ್ರಕ್ಕೆ ಆರತಿ ಎತ್ತುತ್ತಾರೆಯೇ?

ಅಂಗಡಿಯವನು ಮನಸ್ಸು ಮಾಡಿದರೂ ಸಾಮಾನು ಸಿಗಬೇಕಲ್ಲ! ಒಳಗಿನ ಕತೆ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ. ಹಳೆಯ ಕನ್ನಡ ಚಿತ್ರಗಳ ಕೆಲಸವೆಲ್ಲ ಬಹುಪಾಲು ನಡೆದದ್ದು ಮದರಾಸಿನಲ್ಲಿ. ನೆಗೆಟಿವ್ ಉಳಿದದ್ದೂ ಅಲ್ಲಿನ ಲ್ಯಾಬುಗಳಲ್ಲಿ. ನಿರ್ಮಾಪಕ ತೀರಿಕೊಂಡ, ಮಕ್ಕಳು ಬಾಡಿಗೆ ಕಟ್ಟಲಿಲ್ಲ. ಡಿಜಿಟಲ್ ಬಂದ ಮೇಲೆ ಲ್ಯಾಬುಗಳೇ ಮುಚ್ಚಿದವು. ಡಬ್ಬಿಗಳು ಯಾರ ಪಾಲಾದವು? 1950ರ ದಶಕದ ಆರಂಭದವರೆಗೆ ಬಳಸಿದ ನೈಟ್ರೇಟ್ ಫಿಲಂ ಬೆಂಕಿಗೆ ತುಪ್ಪ ಇದ್ದಂತೆ. 2003ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ರೀಲುಗಳೇ ಸುಟ್ಟುಹೋದವು. ಆಮೇಲೆ ಬಂದ ಅಸಿಟೇಟ್ ಫಿಲಂ ಅಷ್ಟು ಸುಲಭವಾಗಿ ಸುಡುವುದಿಲ್ಲ, ಕೊಳೆಯುತ್ತದೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ ಹೊಡೆಯುತ್ತದೆ. ಇನ್ನು ಕಪ್ಪು ಬಿಳುಪು ಫಿಲಂನಲ್ಲಿ ಬೆಳ್ಳಿ ಇರುತ್ತದಲ್ಲ, ಅದನ್ನು ತೆಗೆಯಲು ರೀಲುಗಳನ್ನು ಗುಜರಿಗೆ ಹಾಕಿದ ದೇಶ ನಮ್ಮದು. ಬೆಳ್ಳಿತೆರೆಯ ಬೆಳ್ಳಿ ಹೋಗಿ ಸೇರಿದ್ದು ಹೀಗೆ!

ಪ್ರತಿ ಉಳಿದಿದ್ದರೂ ಕಾಗದ ಪತ್ರದ ಗೋಳು. ತೊಂಬತ್ತರ ದಶಕದಲ್ಲಿ ಕೇಬಲ್ ಟಿ.ವಿ. ಬಂದಾಗ ಎಷ್ಟೋ ನಿರ್ಮಾಪಕರು ಸ್ಯಾಟಲೈಟ್ ಹಕ್ಕನ್ನು ಸಿಕ್ಕ ಬೆಲೆಗೆ ಮಾರಿಕೊಂಡರು. ಆ ಕರಾರಿನಲ್ಲಿ ಇಂಟರ್‌ನೆಟ್ ಎಂಬ ಪದವೇ ಇಲ್ಲ. ಹಕ್ಕು ಕೊಂಡವನದೋ, ಮೂರು ಮಕ್ಕಳದೋ, ಸಾಲ ಕೊಟ್ಟ ಫೈನಾನ್ಷಿಯರನದೋ? ಒಟಿಟಿಯ ವಕೀಲ ಮೂಲಪತ್ರ ಕೇಳುತ್ತಾನೆ. ಇಲ್ಲ ಅಂದರೆ ಫೈಲು ಮುಚ್ಚುತ್ತಾನೆ. ಚಿತ್ರ ಕೊನೆಗೆ ಯೂಟ್ಯೂಬಿನಲ್ಲಿ, ಮೂಲೆಗೊಂದು ಲೋಗೋ ಅಂಟಿಸಿಕೊಂಡು, ಹಾಡು ಕತ್ತರಿಸಿಕೊಂಡು ಬಿದ್ದಿರುತ್ತದೆ.

ಆದರೆ ಇಲ್ಲಿ ಒಂದು ಸಂಗತಿ ಗಮನಿಸಿ. ನಮ್ಮ ಕಾಪಿರೈಟ್ ಕಾನೂನಿನಲ್ಲಿ ಚಲನಚಿತ್ರದ ಹಕ್ಕು ತೆರೆಕಂಡ ಮುಂದಿನ ವರ್ಷದಿಂದ 60 ವರ್ಷ ಮಾತ್ರ. 'ಬೇಡರ ಕಣ್ಣಪ್ಪ'ನ ಹಕ್ಕಿನ ಅವಧಿ 2014ರ ಕೊನೆಗೆ ಮುಗಿಯಿತು. 1958ರ 'ಸ್ಕೂಲ್ ಮಾಸ್ಟರ್', 1960ರ 'ರಣಧೀರ ಕಂಠೀರವ', 1964ರ 'ನಾಂದಿ', 'ಅಮರಶಿಲ್ಪಿ ಜಕಣಾಚಾರಿ' ಎಲ್ಲದರ ಅವಧಿಯೂ ಮುಗಿದಿದೆ. ಕತೆ, ಹಾಡು, ಸಂಗೀತದ ಹಕ್ಕಿನ ಲೆಕ್ಕ ಬೇರೆ, ಅದು ಬರೆದವರು ತೀರಿಕೊಂಡ ನಂತರ 60 ವರ್ಷ. ಅದನ್ನು ವಕೀಲರು ಬಿಡಿಸಬೇಕು. ಆದರೆ ಚಿತ್ರದ ಮಟ್ಟಿಗೆ ಅವು ಇವತ್ತು ಯಾರ ಮನೆಯ ಆಸ್ತಿಯೂ ಅಲ್ಲ. ನಿಮ್ಮ ಆಸ್ತಿ! ಆಸ್ತಿ ನಿಮ್ಮದು, ಬೀಗದ ಕೈ ಯಾರ ಬಳಿ?

ಧಾರಾವಾಹಿಗಳ ಪಾಡು ಇನ್ನೂ ಕೆಟ್ಟದ್ದು. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾಯಿತು. 1998ರಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಕೊಟ್ಟ 'ಮಾಯಾಮೃಗ' ಬರುವ ಹೊತ್ತಿಗೆ ಬೀದಿಗಳು ಖಾಲಿಯಾಗುತ್ತಿದ್ದವು. ಭೈರಪ್ಪನವರ 'ಗೃಹಭಂಗ'ವನ್ನು ಗಿರೀಶ್ ಕಾಸರವಳ್ಳಿ ಧಾರಾವಾಹಿ ಮಾಡಿದರು. ಆ ಕಾದಂಬರಿಯ ಬರಗಾಲ, ಪ್ಲೇಗು ನಮ್ಮ ಸೀಮೆಯದ್ದೇ. ಇಂಥವನ್ನು ಒಂದು ಕಡೆ ಜೋಡಿಸಿ, ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಒಳ್ಳೆಯ ಪ್ರತಿಯಲ್ಲಿ ಕೊಡುವ ಹೊಣೆ ಯಾರದ್ದೂ ಅಲ್ಲದಂತಾಗಿದೆ. ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ 'ವೇವ್ಸ್' ಅಂತ ಒಟಿಟಿ ತೆರೆಯಿತಲ್ಲ, ಅಲ್ಲಿ ಕನ್ನಡದ ಪಾಲು ಎಷ್ಟು ಅಂತ ನಾವು ಕೇಳಬೇಕು. ಪಟ್ಟಿ ಹಿಡಿದು, ಒಂದೊಂದು ಧಾರಾವಾಹಿಯ ಹೆಸರು ಹೇಳಿ ಕೇಳಬೇಕು. 'ಕನ್ನಡಕ್ಕೆ ಅನ್ಯಾಯ' ಅಂತ ಬರೀ ಘೋಷಣೆ ಕೂಗಿದರೆ ಅಧಿಕಾರಿ ನಕ್ಕು ಸುಮ್ಮನಾಗುತ್ತಾನೆ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಹೆಸರು ಬರೆದರೆ ಉತ್ತರ ಕೊಡಲೇಬೇಕು.

ಉಳಿಸಲು ಆಗುವುದಿಲ್ಲ ಅನ್ನುವವರಿಗೆ ಒಂದು ಉದಾಹರಣೆ. 1977ರ 'ಘಟಶ್ರಾದ್ಧ', ಅನಂತಮೂರ್ತಿಯವರ ಕತೆ, ಕಾಸರವಳ್ಳಿಯವರ ಮೊದಲ ಚಿತ್ರ, ಸ್ವರ್ಣಕಮಲ ಪಡೆದದ್ದು. ಅದನ್ನು ಮುಂಬಯಿಯ ಫಿಲಂ ಹೆರಿಟೇಜ್ ಫೌಂಡೇಷನ್ನೂ ಅಮೆರಿಕದ ಮಾರ್ಟಿನ್ ಸ್ಕಾರ್ಸೆಸಿಯ ವರ್ಲ್ಡ್ ಸಿನಿಮಾ ಪ್ರಾಜೆಕ್ಟೂ ಸೇರಿ ಹೊಸದರಂತೆ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಸಂತೋಷ. ಆದರೆ ಮಲೆನಾಡಿನ ಯಮುನಕ್ಕನನ್ನು ಉಳಿಸಲು ಅಮೆರಿಕದವರು ಬರಬೇಕಾಯಿತೇ? ವೆನಿಸ್‌ನವರು ನೋಡಿದರು, ಬಟವಾಡಿಯವರು ಯಾವಾಗ ನೋಡೋದು? ಹಳೆಯ ಚಿತ್ರ ಯಾರಿಗೆ ಬೇಕು ಅನ್ನುವ ಮಾತೂ ಸುಳ್ಳು. 'ಸತ್ಯ ಹರಿಶ್ಚಂದ್ರ' 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ಚಿತ್ರಮಂದಿರಕ್ಕೆ ಬಂದವು. ಬಣ್ಣ ಬಳಿದದ್ದು ನನಗೆ ಹಿಡಿಸಲಿಲ್ಲ, ಆ ಮಾತು ಬೇರೆ.

ಸರ್ಕಾರ ಏನು ಮಾಡಿದೆ? 2025ರ ಮಾರ್ಚ್ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗೆ ಸರ್ಕಾರಿ ಒಟಿಟಿ ಅಂತ ಘೋಷಿಸಿತು. ಕನ್ನಡ ಚಿತ್ರಗಳ ಭಂಡಾರಕ್ಕೆ 3 ಕೋಟಿ ರೂಪಾಯಿ ಅಂದಿತು. ಕೇರಳ ಅದಕ್ಕೆ ಒಂದು ವರ್ಷ ಮೊದಲೇ 'ಸಿ-ಸ್ಪೇಸ್' ಶುರುಮಾಡಿತ್ತು. ನಮ್ಮ ಹಕ್ಕೊತ್ತಾಯ ಇದು: ಒಟಿಟಿ ಎಂಬ ಅಂಗಡಿಗಿಂತ ಮೊದಲು ಭಂಡಾರ ಆಗಲಿ. ಅವಧಿ ಮುಗಿದ ಚಿತ್ರಗಳಿಂದ ಶುರುಮಾಡಿ, ಪುಣೆಯಲ್ಲಿರುವ ಪ್ರತಿಗಳನ್ನು ಡಿಜಿಟಲ್ ಮಾಡಿಸಿ ತರಲಿ. ಪುಸ್ತಕ ಅಚ್ಚಾದರೆ ಗ್ರಂಥಾಲಯಕ್ಕೆ ಪ್ರತಿ ಕೊಡಬೇಕೆಂದು 1954ರ ಕಾನೂನು ಹೇಳುತ್ತದೆ, ಚಿತ್ರಕ್ಕೆ ಅಂಥ ಕಾನೂನಿಲ್ಲ. ಫ್ರಾನ್ಸಿನಲ್ಲಿ ಇದೆ. ನಮ್ಮ ತೆರಿಗೆ ಹಣದ ಸಬ್ಸಿಡಿ ಪಡೆಯುವ ಪ್ರತಿ ಚಿತ್ರವೂ ಕೆಲವು ವರ್ಷದ ನಂತರ ಜನ ಉಚಿತವಾಗಿ ನೋಡುವಂತಿರಬೇಕು. ಬೀರುವಿನಲ್ಲಿ ಬೀಗ ಹಾಕಿದ ಪ್ರತಿ ಯಾರಿಗೆ ಬೇಕು? ಜಿಲ್ಲಾ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೂತು 'ಬೇಡರ ಕಣ್ಣಪ್ಪ' ನೋಡುವಂತಾಗಲಿ.

ಇಷ್ಟು ಸರ್ಕಾರಕ್ಕೆ. ನಿಮಗೊಂದು ಕೆಲಸ. ಬ್ರಿಟನ್ನಿನ ಬಿಬಿಸಿ 'ಡಾಕ್ಟರ್ ಹೂ' ಎಂಬ ಧಾರಾವಾಹಿಯ 1960ರ ದಶಕದ ಕಂತುಗಳನ್ನು, ಟೇಪು ಮತ್ತೆ ಬಳಸಲು, ಅಳಿಸಿಹಾಕಿತ್ತು. ಅವುಗಳ ಧ್ವನಿಯನ್ನಾದರೂ ಉಳಿಸಿದವರು ಮನೆಯಲ್ಲಿ ಟಿ.ವಿ. ಮುಂದೆ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡ ಹುಡುಗರು. 2013ರಲ್ಲಿ ಒಂಬತ್ತು ಕಂತುಗಳು ನೈಜೀರಿಯಾದಲ್ಲಿ ಸಿಕ್ಕವು. ಹಾಗಾಗಿ ಅಟ್ಟ ಹತ್ತಿ. ಮದುವೆ ಕ್ಯಾಸೆಟ್ಟಿನ ಪಕ್ಕದಲ್ಲೇ ಟಿ.ವಿ.ಯಿಂದ ರೆಕಾರ್ಡ್ ಮಾಡಿದ ವಿಎಚ್‌ಎಸ್ ಇರಬಹುದು. ಗುಬ್ಬಿ, ಕುಣಿಗಲ್, ತಿಪಟೂರಿನ ನೆಂಟರಿಗೆ ಫೋನ್ ಮಾಡಿ. ಟೆಂಟ್ ಸಿನಿಮಾ ನಡೆಸಿದವರ ಮನೆಯಲ್ಲಿ, ಹಳೆಯ ವಿಡಿಯೋ ಲೈಬ್ರರಿಯವರ ಗೋಡೌನಿನಲ್ಲಿ ವಿಚಾರಿಸಿ. ಹಾಡಿನ ಪುಸ್ತಕ, ಪೋಸ್ಟರ್ ಸಿಕ್ಕರೂ ಬಿಡಬೇಡಿ.

ಬಾಗಿಲ ಬಳಿ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಏನಿದೆ, ಯಾರ ಬಳಿ ಇದೆ ಅಂತ ಬರೆಸಿ ಹೋಗಿ. ವಸ್ತು ಈಗಲೇ ತರಬೇಡಿ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮನೆಯ ವಿಸಿಆರ್‌ಗೆ ಹಾಕಿ ಪರೀಕ್ಷೆ ಮಾಡಲೂಬೇಡಿ, ಟೇಪು ಹರಿದುಹೋಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಯ ಕರಡೂ ಅಲ್ಲೇ ಇದೆ, ಓದಿ ಸಹಿ ಹಾಕಿ.