ಸಾಲದ ನೆಟೆ ರೋಗ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಂದ ಬಂದಿರುವ ನಿಮಗೆಲ್ಲ ತೊಗರಿಯ ನೆಟೆ ರೋಗ ಗೊತ್ತದ. ರೋಗ ಮಣ್ಣಿನಾಗ ಇರ್ತದ, ಬೇರಿನಿಂದ ಗಿಡಕ್ಕೆ ಏರ್ತದ. ಮೇಲೆ ನೋಡಿದರೆ ಗಿಡಗಳು ಬೇರೆ ಬೇರೆ, ಕೆಳಗೆ ಎಲ್ಲವೂ ಒಂದೇ ಮಣ್ಣಿನಾಗ ನಿಂತಾವ. ಸಾಲದ ತೊಂದರೆಯೂ ಹಾಗೇ ಹರಡ್ತದ.

ಒಬ್ಬ ತಾಯಿ ನಮ್ಮ ಸಂಘದಾಗ ಸಾಲ ತಗೊಂಡಾಳ, ಎರಡು ಕಂಪನಿ ಗುಂಪಿನಾಗೂ ತಗೊಂಡಾಳ ಅಂತ ತಿಳಿಯಿರಿ. ಮಳೆ ಹೋಯ್ತು, ಕೂಲಿ ನಿಂತಿತು, ಒಂದು ಕಂತು ತಪ್ಪಿತು. ಐದು ಮಂದಿ ಗುಂಪು; ಒಬ್ಬರಿಗೊಬ್ಬರು ಜಾಮೀನು. ಉಳಿದ ನಾಲ್ವರು ಕೈಯಿಂದ ಹಾಕ್ತಾರ. ಆದರೆ ಅದು ಅವರು ತಮ್ಮ ಸಂಘದ ಕಂತಿಗೆ ಇಟ್ಟ ರೊಕ್ಕ. ಹೀಗೆ ಆ ಓಣಿಯ ತೊಂದರೆ ಈ ಓಣಿಗೆ ಬಂತು.

ನಮ್ಮ ರಾಜ್ಯದಾಗ ಇದು ನಡೆದದ್ದೇ. 2009ರಲ್ಲಿ ಕೋಲಾರದಾಗ ಸಣ್ಣ ಸಾಲದ ಕಂತುಗಳು ನಿಂತವು; ಶಿಡ್ಲಘಟ್ಟ, ರಾಮನಗರ, ಮೈಸೂರಿನಲ್ಲೂ ನಿಂತವು. ಒಬ್ಬೊಬ್ಬರ ಮೇಲೆ ಹಲವು ಕಂಪನಿಗಳ ಸಾಲ ಇತ್ತು, ರೇಷ್ಮೆ ಕೆಲಸವೂ ಕುಸಿದಿತ್ತು. 2010ರಲ್ಲಿ ಆಂಧ್ರ ಪ್ರದೇಶದಾಗ ವಸೂಲಿ ನಿಂತಾಗ ಬ್ಯಾಂಕುಗಳು ಕಂಪನಿಗಳಿಗೆ ಹಣ ಕೊಡೋದು ಬಿಗಿ ಮಾಡಿದವು. ಬೇರೆ ರಾಜ್ಯದಾಗ ಸರಿಯಾಗಿ ಕಟ್ಟುತ್ತಿದ್ದವರಿಗೂ ಹೊಸ ಸಾಲ ಕಷ್ಟವಾಯ್ತು.

ನೆಟೆ ತಡೆಯಲು ತೊಗರಿ ನಡುವೆ ಜೋಳದ ಸಾಲು ಬಿತ್ತತಾರ. ಸಂಘಕ್ಕೂ ಅಂಥ ಮೂರು ಸಾಲು ಬೇಕು.

1. ಸಾಲ ಕೊಡುವ ಮೊದಲು ಬೇರೆ ಕಡೆ ಎಷ್ಟು ಸಾಲ ಅದ ಕೇಳಿ, ಪುಸ್ತಕದಾಗ ಬರೆಯಿರಿ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದಂತೆ, ಕಂಪನಿ ಸಾಲ ಕೊಡುವಾಗ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ನಾವೂ ಅದೇ ಲೆಕ್ಕ ಹಿಡಿಯೋಣ.

2. ಉಳಿತಾಯದಾಗ ಒಂದು ಪಾಲನ್ನು ಕಷ್ಟಕಾಲದ ನಿಧಿ ಅಂತ ಬೇರೆ ಇಡಿ. ತಪ್ಪಿದ ಕಂತು ಅದರಿಂದ ತುಂಬಿದರೆ ಉಳಿದ ನಾಲ್ಕು ಮನೆ ಅಲುಗಾಡೋದಿಲ್ಲ. ಆಕೆ ಕೈಗೆ ಬಂದಾಗ ನಿಧಿಗೆ ತಿರುಗಿ ಕಟ್ಟಲಿ.

3. ಕಂತು ತಪ್ಪುವ ಮೊದಲೇ ಬಂದು ಹೇಳಿದಾಕೆಗೆ ಬೈಬೇಡಿ. ಬೈದರೆ ನಾಳೆ ಇನ್ನೊಬ್ಬಾಕೆ ಮುಚ್ಚಿಡ್ತಾಳ, ಸಾಲ ತೀರಿಸಲು ಮತ್ತೊಂದು ಸಾಲ ತರ್ತಾಳ.

ಇನ್ನೊಂದು ಮಾತು. ವಸೂಲಿಗಾಗಿ ಒಬ್ಬಾಕೆಯ ಮನೆ ಮುಂದೆ ಹೋಗಿ ಕೂಡ್ರಿರಿ ಅಂತ ಯಾರು ಹೇಳಿದರೂ ಒಪ್ಪಬೇಡಿ. ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡಬಾರದು ಅಂತ ಅದೇ ನಿಯಮ ಹೇಳ್ತದ.

ಮುಂದಿನ ವಾರದ ಸಭೆಯಾಗ ಈ ಮೂರು ಮಾತು ಚರ್ಚಿಸಿ, ಠರಾವು ಬರೆದು, ಎಲ್ಲರೂ ಸಹಿ ಮಾಡಿರಿ.