ಏರಿಯ ಮಣ್ಣಿನಡಿಯ ಸತ್ಯ

(ಮಠದ ಪ್ರೌಢಶಾಲೆಯ ಮಕ್ಕಳ ಪ್ರಾಜೆಕ್ಟ್ ಪ್ರದರ್ಶನದ ಸಮಾರಂಭದಲ್ಲಿ ಆಡಿದ ಮಾತುಗಳ ಬರಹರೂಪ)

 

ನಾನು ಭಾಷಣಕಾರನಲ್ಲ. ಮೂವತ್ತು ವರ್ಷಕ್ಕೂ ಮೀರಿ ಸರ್ಕಾರಿ ಸೇವೆಯಲ್ಲಿ ಕೆರೆ, ಕಾಲುವೆ ನೋಡಿಕೊಂಡವನು. ಏರಿ ಕಟ್ಟುವುದು ನೀರು ನಿಲ್ಲಿಸಲು. ಆದರೆ ಒಂದು ಏರಿ ಸತ್ಯವನ್ನೇ ಮುಚ್ಚಿಡಲು ಬಳಕೆಯಾಯಿತು. ಆ ಸಂಗತಿ ಹೇಳುತ್ತೇನೆ.

1964ರ ಬೇಸಿಗೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯ. ಅಲ್ಲಿನ ಕಪ್ಪು ಜನರಿಗೆ ಮತದ ಹಕ್ಕು ಕಾಗದದ ಮೇಲಷ್ಟೇ ಇತ್ತು. ಹೆಸರು ನೋಂದಾಯಿಸಲು ಹೋದರೆ ಕೂಲಿ ತಪ್ಪುತ್ತಿತ್ತು, ಕೆಲವೊಮ್ಮೆ ಜೀವವೇ ಹೋಗುತ್ತಿತ್ತು. ಅವರಿಗೆ ಅಕ್ಷರ, ಹಕ್ಕು ಎರಡನ್ನೂ ತಿಳಿಸುವ ಶಾಲೆ ನಡೆಸಬೇಕೆಂದಿದ್ದ ಒಂದು ಚರ್ಚನ್ನು ಸುಟ್ಟುಹಾಕಿದರು. ಅದನ್ನು ನೋಡಿಬರಲು ಮೂವರು ಹೋದರು. ಜೇಮ್ಸ್ ಚೇನಿ, 21 ವರ್ಷ, ಅದೇ ನಾಡಿನ ಕಪ್ಪು ಯುವಕ. ಆಂಡ್ರ್ಯೂ ಗುಡ್‌ಮನ್‌ಗೆ 20, ಮೈಕೆಲ್ ಶ್ವೆರ್ನರ್‌ಗೆ 24. ಇಬ್ಬರೂ ನ್ಯೂಯಾರ್ಕಿನ ಯಹೂದಿಗಳು. ಜೂನ್ 21ರಂದು ಪೊಲೀಸ್ ಅಧಿಕಾರಿಯೊಬ್ಬ ಅವರನ್ನು ಹಿಡಿದ. ರಾತ್ರಿ ಬಿಟ್ಟು, ತಾನೇ ಬೆನ್ನಟ್ಟಿ ಕೊಲೆಗಾರರ ಕೈಗೊಪ್ಪಿಸಿದ. ಹೆಣಗಳು ಸಿಕ್ಕಿದ್ದು 44 ದಿನಗಳ ನಂತರ, ಒಂದು ತೋಟದ ಹೊಸ ಮಣ್ಣಿನ ಏರಿಯ ಅಡಿಯಲ್ಲಿ.

1967ರಲ್ಲಿ ಕೇಂದ್ರ ಸರ್ಕಾರ ಮೊಕದ್ದಮೆ ನಡೆಸಿತು. ಆರೋಪ ಕೊಲೆಯದಲ್ಲ, ನಾಗರಿಕ ಹಕ್ಕಿನ ಉಲ್ಲಂಘನೆಯದು. ಏಳು ಜನರಿಗೆ ಶಿಕ್ಷೆಯಾಯಿತು. ಯಾರೂ ಆರು ವರ್ಷಕ್ಕಿಂತ ಹೆಚ್ಚು ಸೆರೆಯಲ್ಲಿರಲಿಲ್ಲ. ಗುಂಪು ಕಟ್ಟಿದ ಎಡ್ಗರ್ ರೇ ಕಿಲೆನ್ ಒಬ್ಬ ಧರ್ಮಬೋಧಕ. ಹನ್ನೊಂದು ಜ್ಯೂರಿಗಳು ಅವನು ಅಪರಾಧಿ ಎಂದರು. ಉಳಿದ ಒಬ್ಬರು, ಬೋಧಕನನ್ನು ಅಪರಾಧಿ ಎನ್ನಲಾರೆ ಎಂದರು. ಅವನು ಮನೆಗೆ ಹೋದ. ಲಾಂಛನಕ್ಕೆ ಕುರುಡಾಗಿ ತಲೆಬಾಗಿದರೆ ಏನಾಗುತ್ತದೆ ಎಂಬುದನ್ನು ಮಠದ ಭಕ್ತರಾದ ನಾವು ವಿಶೇಷವಾಗಿ ಯೋಚಿಸಬೇಕು.

2004ರಲ್ಲಿ, ಇಲಿನಾಯ್ ರಾಜ್ಯದ ಒಂದು ಪ್ರೌಢಶಾಲೆಯ ಮೂವರು ಹುಡುಗಿಯರು ಇತಿಹಾಸ ಸ್ಪರ್ಧೆಗೆ ಈ ವಿಷಯವನ್ನು ಆರಿಸಿಕೊಂಡರು. ಚಿತ್ರ ಕತ್ತರಿಸಿ ಚಾರ್ಟಿಗೆ ಅಂಟಿಸಿದ್ದರೂ ಅಂಕ ಬರುತ್ತಿತ್ತು. ಅವರು ಮೇಷ್ಟರ ಜೊತೆಗೂಡಿ ಹಳೆಯ ದಾಖಲೆ ಓದಿದರು, ಸತ್ತವರ ಮನೆಯವರನ್ನು ಮಾತಾಡಿಸಿದರು. ಅವರ ತಂಡ ಕಿಲೆನ್‌ನ ಸಂದರ್ಶನವನ್ನೂ ಧ್ವನಿಮುದ್ರಿಸಿತು. ಸಾಕ್ಷ್ಯಚಿತ್ರ ಮುಗಿದ ಮೇಲೂ ಬಿಡದೆ, ಪ್ರಕರಣ ಮತ್ತೆ ತೆರೆಯಿರಿ ಎಂದು ಜನಪ್ರತಿನಿಧಿಗಳ ಬಾಗಿಲು ತಟ್ಟಿದರು.

ಅವರೊಬ್ಬರಿಂದಲೇ ಎಲ್ಲ ಆಯಿತೆಂದರೆ ತಪ್ಪಾಗುತ್ತದೆ. ನೊಂದ ಕುಟುಂಬಗಳು ಹಟ ಬಿಟ್ಟಿರಲಿಲ್ಲ. ಪತ್ರಕರ್ತ ಜೆರ್ರಿ ಮಿಚೆಲ್ ವರ್ಷಗಟ್ಟಲೆ ಕೆದಕಿದ್ದರು. ಆ ಊರಿನ ಕಪ್ಪು, ಬಿಳಿಯ ಜನ ಒಟ್ಟಾಗಿ ನ್ಯಾಯ ಕೇಳಿದ್ದರು. ಮಕ್ಕಳು ಆ ಕೈಗಳಿಗೆ ಕೈ ಜೋಡಿಸಿದರು. 2005ರ ಜೂನ್ 21ರಂದು, ಸರಿಯಾಗಿ 41 ವರ್ಷಕ್ಕೆ, ಮೂವರ ಸಾವಿಗೂ ಕಿಲೆನ್ ಅಪರಾಧಿ ಎಂದು ತೀರ್ಪಾಯಿತು. 60 ವರ್ಷ ಸೆರೆ. ಆಗ ಅವನಿಗೆ 80. 2018ರಲ್ಲಿ ಸೆರೆಯಲ್ಲೇ ಸತ್ತ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೆರೆ ಕಾಮಗಾರಿಯಲ್ಲಿ ಒಂದು ಕೇರಿಯ ಕೂಲಿಯವರಿಗೆ ನೀರಿನ ಕೊಡ ಬೇರೆ ಇಟ್ಟಿದ್ದರು. ದಿನವೂ ಕಂಡೆ. ಎಂ.ಬಿ. ಪುಸ್ತಕದಲ್ಲಿ ಮಣ್ಣಿನ ಲೆಕ್ಕ ತಪ್ಪದೆ ಬರೆದೆ. ಆ ಕೊಡದ ಬಗ್ಗೆ ಒಂದು ಮಾತೂ ಆಡಲಿಲ್ಲ. ಎದೆಯ ಮೇಲೆ ಇಷ್ಟಲಿಂಗವಿತ್ತು, ಬಾಯಿ ಇರಲಿಲ್ಲ.

ಮಕ್ಕಳೇ, ನಿಮ್ಮ ಮುಂದಿನ ಪ್ರಾಜೆಕ್ಟಿಗೆ ನಮ್ಮಂಥ ಮುದುಕರನ್ನು ಕೂರಿಸಿಕೊಂಡು ಕೇಳಿ: ಆಗ ನೀವೇನು ಕಂಡಿರಿ, ಯಾಕೆ ಸುಮ್ಮನಿದ್ದಿರಿ? ಹಿರಿಯರಲ್ಲಿ ನನ್ನ ವಿನಂತಿ ಒಂದೇ. ಅವರು ಕೇಳಿದಾಗ ಗದರಿಸಬೇಡಿ, ಉತ್ತರ ಕೊಡಿ. ನನ್ನ ಉತ್ತರವನ್ನು ಇಂದು ಒಪ್ಪಿಸಿದ್ದೇನೆ.