ಹಣ್ಣಾಗುವ ಬಗೆ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಸಂಸ್ಕೃತದಲ್ಲಿ ‘ಪಚ್’ ಎಂಬುದೊಂದು ಧಾತು. ಬೇಯಿಸು ಎಂದೂ ಅದಕ್ಕೆ ಅರ್ಥ, ಮಾಗಿಸು ಎಂದೂ ಅರ್ಥ. ಪಾಕ, ಪಕ್ವ, ಪರಿಪಾಕ, ವಿಪಾಕ ಎಂಬ ಶಬ್ದಗಳೆಲ್ಲ ಅದರಿಂದಲೇ ಹುಟ್ಟಿದವು. ಒಲೆಯ ಮೇಲೆ ಅಕ್ಕಿ ಅನ್ನವಾಗುವುದೂ ಪಾಕವೇ, ಗಿಡದಲ್ಲಿ ಕಾಯಿ ಹಣ್ಣಾಗುವುದೂ ಪಾಕವೇ. ಮೊದಲನೆಯದಕ್ಕೆ ಹೊರಗಿನ ಬೆಂಕಿ ಬೇಕು. ಎರಡನೆಯದು ಒಳಗಿನ ಬೆಂಕಿಯಿಂದ ಆಗತಕ್ಕದ್ದು. ಆ ಒಳಗಿನ ಬೆಂಕಿಯ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅದಕ್ಕೆ ನಾವು ಆರಿಸಿಕೊಂಡ ದೃಷ್ಟಾಂತವೇನೂ ದೊಡ್ಡದಲ್ಲ. ನಿಮ್ಮ ನಿಮ್ಮ ಹಿತ್ತಿಲಲ್ಲಿರುವ ಟೊಮ್ಯಾಟೊ ಗಿಡ.

ಈ ಗಿಡ ಮೂಲತಃ ನಮ್ಮ ನೆಲದ್ದಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಸೀಮೆ ಇದರ ತವರು. ಪೋರ್ತುಗೀಜರ ಕಾಲದಲ್ಲಿ ಹಡಗು ಹತ್ತಿ ಈ ದೇಶಕ್ಕೆ ಬಂದಿತು. ಕುಲದಿಂದ ಬದನೆಯ ಬಂಧು. ಆದುದರಿಂದಲೇ ಹಿಂದಿನವರು ಇದನ್ನು ಚಪ್ಪರಬದನೆ ಎಂದು ಕರೆದದ್ದೂ ಉಂಟು. ಇಂದು ಇದಿಲ್ಲದೆ ಸಾರಿಲ್ಲ. ಕೋಲಾರದ ಮಾರುಕಟ್ಟೆಯಿಂದ ದೇಶದ ಮೂಲೆ ಮೂಲೆಗೆ ಲಾರಿಗಟ್ಟಲೆ ಹೋಗುತ್ತದೆ. 2023ರ ಜುಲೈ ತಿಂಗಳಲ್ಲಿ ಕಿಲೋ ಒಂದಕ್ಕೆ 100 ರೂಪಾಯಿ ದಾಟಿದಾಗ, ಹಿತ್ತಿಲಲ್ಲಿ ಎರಡು ಗಿಡ ಇದ್ದವರೇ ಶ್ರೀಮಂತರು ಎಂಬಂತಾಗಿತ್ತು.

ಮುಂಗಾರಿನಲ್ಲಿ ನೆಟ್ಟ ಗಿಡ ಕಾರ್ತೀಕ ಕಳೆಯುವ ಹೊತ್ತಿಗೆ ಸೊರಗತೊಡಗುತ್ತದೆ. ಎಲೆ ಕೆಳಗಿನಿಂದ ಒಣಗುತ್ತ ಮೇಲೇರುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳ ಚಳಿ ಹಿಡಿಯುತ್ತದೆ. ಬೀದರ, ವಿಜಯಪುರದ ಕಡೆಗೆ ಕೆಲವು ವರ್ಷ ರಾತ್ರಿಯ ಉಷ್ಣತೆ 10 ಡಿಗ್ರಿಗೂ ಕೆಳಗೆ ಇಳಿಯುವುದುಂಟು. ಗಿಡದಲ್ಲಿ ಮಾತ್ರ ಇನ್ನೂ ನಲವತ್ತು ಐವತ್ತು ಹಸಿರು ಕಾಯಿಗಳು ಉಳಿದಿರುತ್ತವೆ. ಆಗ ಮನೆಯವರು ಏನು ಮಾಡುತ್ತಾರೆ? “ಗಿಡಾನ ಒಣಗಿತ್ರಿ ಅಜ್ಜಾರ, ಇನ್ನ ಇವು ಎಲ್ಲಿ ಹಣ್ಣಾಗ್ತಾವ್ರಿ?” ಎಂದು ಬೇರುಸಹಿತ ಕಿತ್ತು ತಿಪ್ಪೆಗೆ ಎಸೆಯುತ್ತಾರೆ. ಹಾಗೆ ಎಸೆಯಬೇಡಿರೆಂದೇ ನಮ್ಮ ಮಾತು. ಗಿಡದ ಕಾಲ ಮುಗಿದಿರಬಹುದು. ಕಾಯಿಯ ಕಾಲ ಮುಗಿದಿಲ್ಲ.

ಹಾಗಾದರೆ ಎಲ್ಲ ಕಾಯಿಗಳೂ ಹಣ್ಣಾಗುತ್ತವೆಯೆ? ಇಲ್ಲ. ಬಲಿತ ಕಾಯಿ ಮಾತ್ರ ಹಣ್ಣಾಗುತ್ತದೆ. ಬಲಿತದ್ದನ್ನು ತಿಳಿಯುವುದು ಹೇಗೆ? ಶಾಸ್ತ್ರದಲ್ಲಿ ಸ್ಥಾಲೀಪುಲಾಕ ನ್ಯಾಯವೆಂದು ಇದೆ. ಗಡಿಗೆಯ ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಹಿಸುಕಿದರೆ ಸಾಕು ಎಂದು ಅದರ ತಾತ್ಪರ್ಯ. ಅದೇ ರೀತಿ, ಒಂದೇ ಗಾತ್ರದ ಕಾಯಿಗಳಲ್ಲಿ ಒಂದನ್ನು ಅಡ್ಡಲಾಗಿ ಕೊಯ್ದು ನೋಡಿರಿ. ಬೀಜದ ಸುತ್ತ ಲೋಳೆ ಕಟ್ಟಿ, ಈಳಿಗೆಗೆ ಸಿಕ್ಕದೆ ಬೀಜ ಜಾರಿದರೆ ಕಾಯಿ ಬಲಿತಿದೆ. ಬೀಜವೇ ಎರಡು ತುಂಡಾದರೆ ಅದು ಎಳೆಯದು. ಎಳೆಯದನ್ನು ಎಷ್ಟು ದಿನ ಇಟ್ಟರೂ ಬಾಡೀತೇ ಹೊರತು ಮಾಗಲಾರದು. ಅಂಥದನ್ನೂ ಚೆಲ್ಲಬೇಡಿರಿ. ಶೇಂಗಾ, ಎಳ್ಳು, ಹಸಿಮೆಣಸಿನಕಾಯಿ ಕೂಡಿಸಿ ಹುರಿದು ಚಟ್ನಿ ಮಾಡಿದರೆ ರೊಟ್ಟಿಗೆ ಬಹಳ ರುಚಿ.

ಬಲಿತವನ್ನು ತೊಟ್ಟಿನ ಗಂಟಿನಲ್ಲಿ ಮೆಲ್ಲನೆ ಮುರಿದು ಬಿಡಿಸಿರಿ. ಪೆಟ್ಟಾದದ್ದು, ಹುಳ ಕೊರೆದದ್ದು ಬೇರೆ ಇರಲಿ. ತೇವವಿದ್ದರೆ ಒರೆಸಿ, ಬುಟ್ಟಿಯಲ್ಲಿ ಭತ್ತದ ಹುಲ್ಲನ್ನೋ ಹಳೆಯ ವೃತ್ತಪತ್ರಿಕೆಯನ್ನೋ ಹಾಸಿ, ಒಂದರ ಮೇಲೊಂದು ಹೇರದೆ ಒಂದೇ ಪದರಾಗಿ ಜೋಡಿಸಿರಿ. ನಮ್ಮ ಹಿರಿಯರು ಮಾವಿನಕಾಯಿಯನ್ನು ಅಡಿ ಹಾಕುತ್ತಿದ್ದುದೂ ಹೀಗೆಯೇ ಅಲ್ಲವೆ? ಬಿಸಿಲಿಗೆ ಇಡಬೇಕೆಂದು ಹಲವರು ಭಾವಿಸಿದ್ದಾರೆ. ಮಾಗುವುದಕ್ಕೆ ಬೆಳಕು ಬೇಡ. ಹದವಾದ ಬೆಚ್ಚಗೆ ಬೇಕು. 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಬಲಿತ ಕಾಯಿ ಸುಮಾರು ಎರಡು ವಾರಕ್ಕೆ ಹಣ್ಣಾಗುತ್ತದೆ. 30 ಡಿಗ್ರಿ ಮೀರಿದರೆ ಕೆಂಪು ಸರಿಯಾಗಿ ಕೂಡದೆ ಹಳದಿಯಾಗಿಯೇ ಉಳಿಯುತ್ತದೆ. 10 ಡಿಗ್ರಿಗೆ ಇಳಿದರೆ ಒಳಗಿನ ಕೆಲಸವೇ ನಿಂತು, ಮುಂದೆ ಬೆಚ್ಚಗೆ ಇಟ್ಟರೂ ರುಚಿ ಕೂಡುವುದಿಲ್ಲ. ಆದ ಕಾರಣ ಹಸಿರು ಕಾಯಿಯನ್ನು ಫ್ರಿಜ್ಜಿನಲ್ಲಿ ಇಡಬಾರದು. ಅಮೆರಿಕದಲ್ಲಿ ನೆಲೆಸಿದ ನಮ್ಮ ಭಕ್ತರೂ ಹಿಮ ಬೀಳುವ ಮುನ್ನ ಕಾಯಿಗಳನ್ನೆಲ್ಲ ಬಿಡಿಸಿ ಮನೆಯೊಳಗೆ ಹೀಗೆಯೇ ಹಣ್ಣು ಮಾಡಿಕೊಳ್ಳುತ್ತಾರೆ.

ಇನ್ನು ಮುಖ್ಯವಾದುದು. ಆ ಬುಟ್ಟಿಯಲ್ಲಿ ಒಂದು ಮಾಗಿದ ಬಾಳೆಹಣ್ಣನ್ನು ಇಡಬೇಕು. ಅದೇಕೆ? ಹಣ್ಣು ಮಾಗುವಾಗ ತನ್ನೊಳಗಿನಿಂದ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ. ಅದು ಕಣ್ಣಿಗೆ ಕಾಣದು. ಪಕ್ಕದ ಕಾಯಿಗೆ ಅದು ಸೋಕಿದೊಡನೆ ಆ ಕಾಯಿಯೂ ಮಾಗತೊಡಗುತ್ತದೆ, ಮಾಗುತ್ತ ತಾನೂ ಅದೇ ಅನಿಲವನ್ನು ಬಿಡುತ್ತದೆ. ಸತ್ಸಂಗವೆಂದರೆ ಇದೇ. ಬಾಳೆಹಣ್ಣು ಕಾಯಿಗೆ ಉಪದೇಶ ಮಾಡಲಿಲ್ಲ, ಗದರಿಸಲಿಲ್ಲ. ಹತ್ತಿರ ಇತ್ತು, ಅಷ್ಟೆ. ಆದರೆ ಎಚ್ಚರ! ಬುಟ್ಟಿಯನ್ನು ದಿನಕ್ಕೊಮ್ಮೆ ನೋಡಬೇಕು. ಕೊಳೆತದ್ದು ಒಂದು ಉಳಿದರೂ ಅದರ ಬೂಷ್ಟು ನೆರೆಯ ಹಣ್ಣಿಗೆ ಹತ್ತುತ್ತದೆ.

ಅವಸರಪಟ್ಟವರು ಕಂಡುಕೊಂಡ ದಾರಿ ಬೇರೊಂದಿದೆ. ಮಾವು, ಬಾಳೆಗಳಿಗೆ ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಒಂದೆರಡು ದಿನದಲ್ಲಿ ಬಣ್ಣ ಬರಿಸುವುದು. ಅದರಿಂದ ಏಳುವುದು ಅಸಿಟಿಲೀನ್ ಅನಿಲ. ಜೊತೆಗೆ ಆರ್ಸೆನಿಕ್, ರಂಜಕಗಳ ಅಂಶವೂ ಇರುತ್ತದೆ. ಆಹಾರ ಕಾಯಿದೆ ಇದನ್ನು ನಿಷೇಧಿಸಿದೆ. 2016ರಲ್ಲಿ ಎಥಿಲೀನ್ ಅನಿಲಕ್ಕೆ ಮಾತ್ರ, ಅದೂ ಹತ್ತು ಲಕ್ಷ ಭಾಗಕ್ಕೆ 100 ಭಾಗದವರೆಗೆ, ಅನುಮತಿ ಕೊಟ್ಟರು. ಕಾರ್ಬೈಡಿನ ಹಣ್ಣು ಹೊರಗೆ ಬಣ್ಣ, ಒಳಗೆ ಹುಳಿ. ಅದನ್ನು ಮಾಗಿತು ಎನ್ನಬಹುದೆ? ಬಣ್ಣ ಬಳಿದಂತಾಯಿತು, ಅಷ್ಟೆ.

ಸದ್ಭಕ್ತರೆ, ಇಷ್ಟೆಲ್ಲ ಹೇಳಿದ್ದು ಬರಿಯ ಟೊಮ್ಯಾಟೊಗಾಗಿ ಅಲ್ಲ. ಮೊನ್ನೆ ಎಪ್ಪತ್ತು ದಾಟಿದ ಒಬ್ಬ ಒಕ್ಕಲಿಗರು ಮಠಕ್ಕೆ ಬಂದಿದ್ದರು. ಹೊಲದ ಬದುವಿಗಾಗಿ ತಮ್ಮನ ಕೂಡ ಮಾತು ಬಿಟ್ಟು ಇಪ್ಪತ್ತು ವರ್ಷವಾಗಿದೆ. ಈಗ ತಮ್ಮ ಹಾಸಿಗೆ ಹಿಡಿದಿದ್ದಾನೆ. “ಹೋಗಬೇಕಂತ ಮನಸ್ಸೈತ್ರಿ ಅಜ್ಜಾರ, ಆದರ ಈ ವಯಸ್ಸಿನ್ಯಾಗ ಇನ್ನ ಏನ್ ಸರಿ ಆಗೋದೈತ್ರಿ?” ಎಂದರು. ‘ಮನಸ್ಸಿದೆ’ ಎಂಬ ಆ ಮಾತೇ ಬಲಿತ ಬೀಜ. ಅದಿರುವಾಗ ಕಾಲ ಮೀರಿತು ಎನ್ನಬಾರದು. ಪಂಚರನ್ನು ಕೂಡಿಸಿ, ಬಲವಂತದಿಂದ ಕೈಗೆ ಕೈ ಕೂಡಿಸಿದರೆ ಅದು ಕಾರ್ಬೈಡಿನ ಹಣ್ಣಾದೀತು. ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರಿ, ಬದುವಿನ ಮಾತು ತೆಗೆಯಬೇಡಿರಿ, ಹಾಸಿಗೆಯ ಬದಿಯಲ್ಲಿ ಸುಮ್ಮನೆ ಕುಳಿತು ಬನ್ನಿರಿ, ಮರುದಿನ ಮತ್ತೆ ಹೋಗಿರಿ ಎಂದು ಹೇಳಿ ಕಳಿಸಿದೆವು. ಹಳೆಯ ಕಹಿ ಮನದಲ್ಲಿ ಎದ್ದರೆ ದಿನದಿನವೂ ಆರಿಸಿ ತೆಗೆಯಬೇಕು, ಬುಟ್ಟಿಯ ಕೊಳೆತ ಕಾಯಿಯನ್ನು ತೆಗೆದಂತೆ.

ಇಲ್ಲಿ ಕುಳಿತ ನಿಮ್ಮಲ್ಲಿಯೂ ಒಬ್ಬೊಬ್ಬರಲ್ಲಿ ಅಂಥದೊಂದು ಹಸಿರು ಕಾಯಿ ಉಳಿದಿರಬಹುದು. ಒಬ್ಬರಿಗೆ ಕಲಿಯಬೇಕೆಂದಿದ್ದ ಅಕ್ಷರ, ಒಬ್ಬರಿಗೆ ಬಿಡಬೇಕೆಂದಿದ್ದ ಚಟ, ಒಬ್ಬರಿಗೆ ಸೊಸೆಯೊಡನೆ ಆಡಬೇಕೆಂದಿದ್ದ ಒಂದು ಒಳ್ಳೆಯ ಮಾತು. ದೇಹವೆಂಬ ಗಿಡ ಒಣಗಿತೆಂದು ಅದನ್ನೂ ಕೂಡಿಯೇ ತಿಪ್ಪೆಗೆ ಹಾಕಬೇಡಿರಿ.

ಮೃತ್ಯುಂಜಯ ಮಂತ್ರದಲ್ಲಿ ‘ಉರ್ವಾರುಕ’ ಎಂಬ ಶಬ್ದ ಬಂದಿದೆ. ಸೌತೆಯ ಜಾತಿಯ ಹಣ್ಣು ಅದು. ಪೂರ್ತಿ ಮಾಗಿದಾಗ ತೊಟ್ಟಿನಿಂದ ತಾನಾಗಿ ಕಳಚಿಕೊಳ್ಳುವ ಹಾಗೆ ನಮ್ಮ ಬಿಡುಗಡೆಯಾಗಲಿ ಎಂಬುದು ಅಲ್ಲಿಯ ಪ್ರಾರ್ಥನೆ. ಸಾವೇ ಬೇಡವೆಂದು ಅಲ್ಲಿ ಬೇಡಿಲ್ಲ. ಮಾಗದೆ ಕೀಳಬೇಡ ಎಂದು ಬೇಡಿದೆ. ಮಾಗುವ ಕೆಲಸ ಮಾತ್ರ ನಮ್ಮದು. ಬರುವ ಗೋಷ್ಠಿಯೊಳಗಾಗಿ ನೀವು ಒಬ್ಬೊಬ್ಬರೂ ನಿಮ್ಮ ಹಸಿರು ಕಾಯಿ ಯಾವುದೆಂದು ಆರಿಸಿ, ಬೆಚ್ಚಗಿನ ತಾಣದಲ್ಲಿ, ಒಳ್ಳೆಯವರ ಹತ್ತಿರದಲ್ಲಿ ಇಡಿರಿ.

ಎಲ್ಲರ ಬಾಳೂ ರಸಭರಿತವಾದ ಹಣ್ಣಾಗಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.